ಇಲ್ಲದ ಉದ್ಯಾನದ ಬೆಳ್ಳಿ ನಾಣ್ಯ

ಶೇಡಬಾಳದ ಬಾಬಾಸಾಹೇಬರು ದ್ರಾಕ್ಷಿ ಬೆಳೆಗಾರರ ಅಭ್ಯಾಸ ಪ್ರವಾಸವೆಂದು ಅಮೆರಿಕಕ್ಕೆ ಹೋಗಿ ಬಂದರು. ಬಂದ ಮೇಲೆ ದ್ರಾಕ್ಷಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅಲ್ಲಿನ ಯಾವುದೋ ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಗೆ ಬಂದಿದ್ದ ಒಂದು ನಾಣ್ಯವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮದುವೆಗೆ ಹೋದಲ್ಲಿ, ಮಣ್ಣಿಗೆ ಹೋದಲ್ಲಿ, ತೆಗೆದು ತೆಗೆದು ತೋರಿಸತೊಡಗಿದರು.

"ನೋಡ್ರಿ, ಒಂದ್ ಕಡೆ ಅವರ ದೊಡ್ಡ ಮನಶ್ಯಾನ ಮಾರಿ. ಇನ್ನೊಂದ್ ಕಡೆ ಏನೈತಿ? ಬರೇ ಕಲ್ಲ. ಅವರ ರಾಷ್ಟ್ರೀಯ ಉದ್ಯಾನದಾಗಿನ ಒಂದ್ ಕಲ್ಲಿನ ಗುಡ್ಡಾ. ಕಲ್ಲ ಹಾಕಿ ಜಗತ್ತಿನ ತುಂಬ ಹೆಸರ ಮಾಡ್ಯಾರ. ನಮ್ಮಲ್ಲೆ ಕಲ್ಲಿಗೇನ ಬರಾ ಬಂದೈತಿ?"

ನೋಡಿದವರೆಲ್ಲ "ಖರೇ ಐತ್ರಿ ಸಾಹೇಬ್ರ" ಎಂದರು. ಬಾಬಾಸಾಹೇಬರಿಗೆ ಕಬ್ಬಿನ ಹೊಲವಿತ್ತು, ದ್ರಾಕ್ಷಿಯ ತೋಟವಿತ್ತು. ಮೇಲಾಗಿ ಐದು ತಾಲೂಕಿನ ರೈತರು ಸೇರಿ ಕಟ್ಟಿದ ಪಂಚಕಳಸ ಸೌಹಾರ್ದ ಸಹಕಾರಿಗೆ ಅವರೇ ಚೇರಮನ್ನರು. ಅವರ ಮಾತಿಗೆ ಇಲ್ಲ ಅನ್ನುವ ರೂಢಿ ಆ ಭಾಗದಲ್ಲಿ ಯಾರಿಗೂ ಇರಲಿಲ್ಲ, ಹೆಂಡತಿ ರುಕ್ಮವ್ವನೊಬ್ಬಳನ್ನು ಬಿಟ್ಟರೆ.

ಆ ವರ್ಷ ಪಂಚಕಳಸಕ್ಕೆ ಬೆಳ್ಳಿ ಹಬ್ಬ. ಹಿಂದೆ ಇಂಥ ಸಂದರ್ಭಗಳಲ್ಲಿ ಸದಸ್ಯರಿಗೆ ಸ್ಟೀಲಿನ ಡಬ್ಬಿ ಹಂಚುತ್ತಿದ್ದರು. ಈ ಸಲ ಡಬ್ಬಿ ಬೇಡ, ಬೆಳ್ಳಿಯ ನಾಣ್ಯ ಹಂಚೋಣ ಎಂದರು ಬಾಬಾಸಾಹೇಬರು. ನಾಣ್ಯದ ಒಂದು ಬದಿಗೆ ಸಹಕಾರಿಯ ಕಳಸ, ಇನ್ನೊಂದು ಬದಿಗೆ ನಮ್ಮ ನಾಡಿನ ಹೆಗ್ಗುರುತು. ಹುಪರಿಯ ಬೆಳ್ಳಿ ಕೆಲಸದವರು ಅಚ್ಚು ಹಾಕಿಕೊಡಲು ಒಪ್ಪಿದ್ದರು. ಯಾವ ಹೆಗ್ಗುರುತು ಎಂಬುದೊಂದು ಮಾತ್ರ ಉಳಿದಿತ್ತು.

ಅದನ್ನು ನಿರ್ಧರಿಸಲು ಚಿಕ್ಕೋಡಿಯ ಮುಖ್ಯ ಕಚೇರಿಯ ಮಾಳಿಗೆಯ ಮೇಲೆ ಸಭೆ ಸೇರಿತು. ತಾಲೂಕಿಗೊಬ್ಬರಂತೆ ನಿರ್ದೇಶಕರು ಬಂದಿದ್ದರು. ಚಿತ್ರ ಬರೆಯಲೆಂದು ನೀಲಮಳನ್ನೂ ಕರೆಸಿದ್ದರು. ಅಕ್ಕೋಳದ ಬೌದ್ಧರ ಮನೆಯ ಹುಡುಗಿ ಆಕೆ, ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಶಿಕ್ಷಕಿ. ನಿಪ್ಪಾಣಿಯ ನಿರ್ದೇಶಕ ಅಣ್ಣಾಸಾಬನ ಮೊಮ್ಮಗಳು ಆಕೆಯ ಹತ್ತಿರ ಚಿತ್ರ ಕಲಿಯುತ್ತಿದ್ದಳು, ಪರಿಚಯ ಅಷ್ಟೇ. ಮೇಜಿನ ತುದಿಯಲ್ಲಿ ಆಕೆಗೊಂದು ಕುರ್ಚಿ ಹಾಕಿ, ಚಹಾ ಕೊಟ್ಟು, ಆಮೇಲೆ ಆಕೆ ಅಲ್ಲಿರುವುದನ್ನು ಎಲ್ಲರೂ ಮರೆತರು.

ಮೊದಲು ಅಥಣಿಯ ಮುರಗೆಪ್ಪ ಎದ್ದು ನಿಂತ. "ನಮ್ಮ ಅಥಣಿ ಚಪ್ಪಲಿ ಹಾಕ್ರಿ. ದೇಶದಾಗ ಹೆಸರಾಗೈತಿ. ಪರದೇಶದಾಗೂ ಹಾಕ್ಕೊಂಡ ಅಡ್ಡ್ಯಾಡತಾರ."

"ಚಪ್ಪಲಿ?" ಅಣ್ಣಾಸಾಬನ ಮುಖ ಕಹಿಯಾಯಿತು. "ಬೆಳ್ಳಿ ನಾಣ್ಯಾ ಅಂದ್ರ ಮಂದಿ ದೇವರ ಜಗಲಿ ಮ್ಯಾಲ ಇಡತಾರ. ಲಕ್ಷ್ಮೀ ಬಾಜೂಕ ಚಪ್ಪಲಿ ಇಡೂದೇನ್ರಿ? ಅದೂ ಚರ್ಮದ್ದ!"

"ಚಪ್ಪಲಿ ಭಾಳ ಚಂದ ಬರ್ತೈತ್ರಿ ನಾಣ್ಯಾದಾಗ," ಎಂದಳು ನೀಲಮ. "ಆ ಹೆಣಿಗಿ, ಆ ಗೊಂಡೆ, ಎಲ್ಲಾ ಬೆಳ್ಳ್ಯಾಗ ಎದ್ದ ಕಾಣತಾವ."

ಎಲ್ಲರೂ ಆಕೆಯ ಕಡೆ ತಿರುಗಿ ನೋಡಿದರು, ಮತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಹೊರಗೆ ಅವರು ಕಳಚಿ ಬಂದ ಚಪ್ಪಲಿಗಳಲ್ಲಿ ಹೆಚ್ಚಿನವು ಅಥಣಿಯವೇ. ಅವನ್ನು ಹೊಲಿದವರ ಮನೆಯಲ್ಲಿ ಒಂದು ಗುಟುಕು ನೀರು ಕುಡಿದವರು ಮಾತ್ರ ಆ ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ಚಪ್ಪಲಿ ಕಾಲಿಗೆ ನಡೆಯುತ್ತದೆ, ಕೈಗೆ ನಡೆಯುವುದಿಲ್ಲ ಎಂದು ತೀರ್ಮಾನವಾಯಿತು. ಮುರಗೆಪ್ಪ ಕೂತ.

ಅಣ್ಣಾಸಾಬ ತಂಬಾಕಿನ ವ್ಯಾಪಾರಿ. ನಿಪ್ಪಾಣಿ ಅಂದರೆ ತಂಬಾಕು, ತಂಬಾಕಿನ ಎಲೆಯೇ ಇರಲಿ ಎಂದ. ಈಗ ಮುರಗೆಪ್ಪನ ಸರದಿ. "ಹಾಕ್ರಿ ಅಣ್ಣಾಸಾಬ, ಅಗದಿ ಹಾಕ್ರಿ. ಖರೇ ತಂಬಾಕ ಅಂದಮ್ಯಾಲ ಕೆಳಗ ಆರೋಗ್ಯಕ್ಕ ಹಾನಿಕರ ಅಂತ ಬರೀಬೇಕಾಕ್ಕೈತಿ. ಬಾಜೂಕ ಪಾಕೀಟಿನ ಮ್ಯಾಲ ಇದ್ದಂಗ ಒಂದ್ ಚೇಳಿನ ಚಿತ್ರಾನೂ ತಗಸೋಣ."

ರಾಯಬಾಗದ ಭೀಮಸಿಗೆ ರೈಲ್ವೆ ಸ್ಟೇಷನ್ ಬೇಕಾಗಿತ್ತು. ಸ್ಟೇಷನ್ ಶೇಡಬಾಳದಲ್ಲೂ ಇದೆಯಲ್ಲ ಎಂದು ಯಾರೋ ಅಂದಾಗ, "ನಮ್ಮದರ ಹಂಗಿಲ್ಲ" ಎಂದ. ಹೇಗಿದೆ ಎಂದು ಕೇಳಿದರೆ ಮತ್ತೆ ಅದನ್ನೇ ಅಂದ.

ಚಿಕ್ಕೋಡಿಯ ಕಮಲಾಬಾಯಿ ಮಹಿಳಾ ಮೀಸಲಿನಲ್ಲಿ ಬಂದ ನಿರ್ದೇಶಕಿ. ಗಂಡ ಹೇಳಿ ಕಳಿಸಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. "ಚಿಕ್ಕೋಡಿ ಜಿಲ್ಲಾಧಿಕಾರಿ ಕಚೇರಿ ಹಾಕ್ರಿ."

"ಬಾಯಾರ, ಚಿಕ್ಕೋಡಿ ಇನ್ನೂ ಜಿಲ್ಲಾ ಆಗಿಲ್ಲಲ್ರಿ," ಎಂದರು ಬಾಬಾಸಾಹೇಬರು.

"ಆದಮ್ಯಾಲ ಆಕ್ಕೈತಲ್ರಿ?"

ಬಾಬಾಸಾಹೇಬರು ತಮ್ಮ ಅಮೆರಿಕದ ನಾಣ್ಯವನ್ನು ಕಿಸೆಯಿಂದ ತೆಗೆದು ಮೇಜಿನ ನಡುವೆ ಇಟ್ಟರು. "ನೀವ್ಯಾರೂ ದೊಡ್ಡದ ವಿಚಾರ ಮಾಡವಲ್ರಿ. ಚಪ್ಪಲಿ, ತಂಬಾಕ, ಸ್ಟೇಷನ್! ರಾಷ್ಟ್ರೀಯ ಉದ್ಯಾನ ಹಾಕೋಣ. ಕೃಷ್ಣಾತೀರ ರಾಷ್ಟ್ರೀಯ ಉದ್ಯಾನ."

"ಅದು ಎಲ್ಲೆ ಬರ್ತೈತ್ರಿ?" ಭೀಮಸಿ ಕೇಳಿದ.

"ನಮ್ಮ ಕಾಗವಾಡ ತಾಲೂಕಿನಾಗ. ನನ್ನ ಹೊಳಿದಂಡಿ ಹೊಲಾ ಐತಲ್ಲ, ಅಲ್ಲೆ. ಹೊಳಿ ಐತಿ, ಗಿಡಾ ಅದಾವು, ಮೊಸಳಿ ಐತಿ. ಇನ್ನೇನ ಬೇಕ? ನಾಣ್ಯಾ ಆತಂದ್ರ ಉದ್ಯಾನ ತಾನ ಆಕ್ಕೈತಿ."

ಮೊದಲು ಅಣ್ಣಾಸಾಬ ತಲೆಯಾಡಿಸಿದ. ಮುರಗೆಪ್ಪನೂ ಆಡಿಸಿದ. ಅಥಣಿಯದನ್ನು ಹಾಕಿದ್ದರೆ ನಿಪ್ಪಾಣಿಗೆ ಸಿಟ್ಟು, ನಿಪ್ಪಾಣಿಯದನ್ನು ಹಾಕಿದ್ದರೆ ರಾಯಬಾಗಕ್ಕೆ ಸಿಟ್ಟು. ಇಲ್ಲವೇ ಇಲ್ಲದ ಒಂದು ಉದ್ಯಾನದ ಮೇಲೆ ಯಾರಿಗೇನು ಸಿಟ್ಟು? ಠರಾವು ಸರ್ವಾನುಮತದಿಂದ ಪಾಸಾಯಿತು. ಪಂಚಕಳಸದ ಚರಿತ್ರೆಯಲ್ಲಿ ಒಬ್ಬರೂ ತಕರಾರು ತೆಗೆಯದ ಠರಾವು ಅದೊಂದೇ.

ಮರುದಿನ ಬಾಬಾಸಾಹೇಬರು ನೀಲಮಳನ್ನು ಜೀಪಿನಲ್ಲಿ ಹೊಳೆದಂಡೆಗೆ ಕರೆದುಕೊಂಡು ಹೋದರು. ನೋಡಿದರೆ ನೀರಿನ ಅಂಚಿನವರೆಗೂ ಕಬ್ಬು. ನಾಲ್ಕಾರು ಜಾಲಿಗಿಡ, ಒಂದು ಪಂಪಿನ ಮನೆ, ಪ್ಲಾಸ್ಟಿಕ್ ಪೈಪಿನ ರಾಶಿ. ಬದುವಿನ ಮೇಲೆ ಧೂಳಪ್ಪ ಎಂಬವನು ಆಡು ಮೇಯಿಸುತ್ತಿದ್ದ. ಆಚೆ ಮರಳಿನ ದಿಬ್ಬದ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲಿಗೆ ಮಲಗಿತ್ತು. ಆ ದೃಶ್ಯದಲ್ಲಿ ಉದ್ಯಾನಕ್ಕೆ ಸಂಬಂಧಪಟ್ಟದ್ದು ಅದೊಂದೇ.

ಬಾಬಾಸಾಹೇಬರು ಫೋನು ಬಂತೆಂದು ಜೀಪಿನ ಕಡೆ ಹೋದಾಗ ಧೂಳಪ್ಪ ಹತ್ತಿರ ಬಂದ.

"ಏನ ಚಿತ್ರಾ ತಗ್ಯಾಕತ್ತೀರಿ ಬಾಯಾರ?"

"ಉದ್ಯಾನ."

"ಎಲ್ಲೈತಿ?"

"ಇದ."

ಧೂಳಪ್ಪ ಸುತ್ತ ನೋಡಿದ. "ಇದ ಮೊದಲ ಗಾಯರಾನ ಇತ್ರಿ. ಊರ ದನಕ್ಕ, ಆಡಿಗೆ ಅಂತ ಸರ್ಕಾರ ಬಿಟ್ಟ ಹುಲ್ಲಿನ ಜಾಗಾ. ನಮ್ಮಪ್ಪ ಇಲ್ಲೇ ಮೇಸ್ತಿದ್ದ. ಆ ಪಂಪಿನ ಮನಿ ಮಟಾ ಸಾಹೇಬ್ರ ಹೊಲಾ. ಅದರ ಈಚೆ ಎಲ್ಲಾ ಊರಿಂದ. ಕಬ್ಬ ಅಷ್ಟ ಅವರದ."

"ಯಾರೂ ಕೇಳಲಿಲ್ಲೇನ?"

"ಊರಿಗೆಲ್ಲಾ ಗೊತ್ತೈತ್ರಿ," ಎಂದ ಧೂಳಪ್ಪ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ನೀಲಮ ಕಂಡದ್ದನ್ನು ಕಂಡಂತೆ ಬರೆದು ತೋರಿಸಿದಳು. ಬಾಬಾಸಾಹೇಬರಿಗೆ ಅದು ಸೇರಲಿಲ್ಲ.

"ಪಂಪಿನ ಮನಿ ತಗೀರಿ. ಕಬ್ಬ ಯಾಕ್ರಿ? ಕಾಡ ಮಾಡ್ರಿ ಅದನ್ನ. ಒಂದ್ ಹುಲಿ ಹಾಕಾಕ ಬರ್ತೈತೇನ?"

"ಹುಲಿ ಹಾಕಿದ್ರ ಯಾರೂ ನಂಬಂಗಿಲ್ರಿ ಸಾಹೇಬ್ರ."

"ಅದೂ ಖರೇನ. ಮತ್ತ ಈ ಆಡ ಯಾಕ ಬಂದಾವು? ಅವಕ್ಕ ಕೊಂಬ ಹಚ್ಚಿ ಜಿಂಕಿ ಮಾಡ್ರಿ. ಮೊಸಳಿ ಇರಲಿ. ಆದ್ರ ಸಿಟ್ಟಿಗೆದ್ದಂಗ ಬ್ಯಾಡ, ನಕ್ಕಂಗ ಇರಲಿ. ನಮ್ಮ ಸಹಕಾರಿ ನಾಣ್ಯಾ ಅದು."

ನೀಲಮಳಿಗೆ ನಗುವೂ ಬಂತು, ಬೇಸರವೂ ಆಯಿತು. ಚಪ್ಪಲಿಯ ಚಿತ್ರವನ್ನು ಅವಳು ಯಾರೂ ಹೇಳದೆಯೇ ಬರೆದಿಟ್ಟಿದ್ದಳು. ಅದು ಅವಳ ಚೀಲದಲ್ಲೇ ಉಳಿಯಿತು. ಧೂಳಪ್ಪನ ಆಡುಗಳಿಗೆ ಕವಲು ಕೊಂಬು ಮೂಡಿಸಿ, ಕಬ್ಬನ್ನು ಅಳಿಸಿ ಕಾಡು ತುಂಬಿಸಿ, ಮೊಸಳೆಯ ಬಾಯಂಚನ್ನು ಸ್ವಲ್ಪ ಮೇಲಕ್ಕೆತ್ತಿ ಕೊಟ್ಟಳು. ಜಿಂಕೆಗಳ ಗಡ್ಡ ತೆಗೆಯಬೇಕೆಂಬುದು ಅವಳಿಗಾಗಲಿ ಹುಪರಿಯ ಕೆಲಸಗಾರರಿಗಾಗಲಿ ಹೊಳೆಯಲಿಲ್ಲ. ಬೆಳ್ಳಿಯಲ್ಲಿ ಆ ಗಡ್ಡಗಳು ಬಹಳ ಚೆನ್ನಾಗಿ ಎದ್ದು ಬಂದವು.

ಸಂಕ್ರಾಂತಿ ಕಳೆದು ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಬೆಳ್ಳಿ ಹಬ್ಬ ನಡೆಯಿತು. ನಾಣ್ಯ ಬಿಡುಗಡೆಗೆ ದೊಡ್ಡ ಮುಖಂಡರೊಬ್ಬರು ಬಂದಿದ್ದರು. ಅವರಿಗೆ ಆ ದಿನ ಅದು ಐದನೆಯ ಸಮಾರಂಭವೋ ಆರನೆಯದೋ. ಎಲ್ಲಿಗೆ ಬಂದಿದ್ದೇನೆ ಎಂಬುದನ್ನು ವೇದಿಕೆಯ ಬ್ಯಾನರು ಓದಿಯೇ ತಿಳಿದುಕೊಂಡರು. ನಾಣ್ಯವನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಅವರ ದನಿ ಒದ್ದೆಯಾಯಿತು.

"ಬಂಧುಗಳೇ, ಕೃಷ್ಣಾತೀರ ರಾಷ್ಟ್ರೀಯ ಉದ್ಯಾನ! ನಾನು ಸಣ್ಣಾವ ಇದ್ದಾಗ ನಮ್ಮಜ್ಜ ನನ್ನ ಚಕ್ಕಡ್ಯಾಗ ಕುಂಡರಿಸ್ಕೊಂಡ ಈ ಉದ್ಯಾನಕ್ಕ ಕರ್ಕೊಂಡ ಹೋಗಿದ್ದ. ಇದ ಜಿಂಕಿ ನೋಡೇನಿ ನಾ. ಇಂಥಾ ಉದ್ಯಾನಕ್ಕ ಇವತ್ತ ಒಂದ್ ಕಂಪೌಂಡ ಇಲ್ಲ, ಒಂದ್ ಬೋರ್ಡ ಇಲ್ಲ. ನಮಗ ನಾಚಿಕಿ ಆಗಬೇಕ. ಇದರ ಸಂರಕ್ಷಣಾ ಮಾಡೇ ತೀರತೀನಿ ಅಂತ ನಿಮ್ಮ ಎದರಿಗೆ ವಚನಾ ಕೊಡತೀನಿ!"

ಚಪ್ಪಾಳೆ ನಿಲ್ಲಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಬಾಬಾಸಾಹೇಬರು. ನೀಲಮಳಿಗೆ ಶಾಲು, ತೆಂಗಿನಕಾಯಿ ಸಿಕ್ಕಿತು. ಹೆಸರನ್ನು ನೀಲಮ್ಮ ಎಂದು ಓದಿದರು.

ನಾಣ್ಯದ ಫೋಟೋ ಮೊಬೈಲುಗಳಲ್ಲಿ ಹರಿದಾಡಿತು. ಮುಂದಿನ ಆದಿತ್ಯವಾರದಿಂದ ಮೀರಜ, ಸಾಂಗಲಿ ಕಡೆಯ ಗಾಡಿಗಳು ಹೊಳೆದಂಡೆಗೆ ಬರತೊಡಗಿದವು. ಜನ ಬುತ್ತಿ ಕಟ್ಟಿಕೊಂಡು, ಮಕ್ಕಳಿಗೆ ಟೊಪ್ಪಿಗೆ ಹಾಕಿಕೊಂಡು ಬಂದು, ಧೂಳಪ್ಪನನ್ನು ಹಿಡಿದು ಉದ್ಯಾನ ಎಲ್ಲಿದೆಯೆಂದು ಮರಾಠಿಯಲ್ಲಿ ಕೇಳುತ್ತಿದ್ದರು: "ಕಾ ಹೋ, ನ್ಯಾಶನಲ್ ಪಾರ್ಕ್ ಕುಠೆ ಆಹೆ?" ಧೂಳಪ್ಪ ಮೊದಲು ಗೊತ್ತಿಲ್ಲವೆಂದ. ಆಮೇಲೆ ಕಬ್ಬಿನ ಕಡೆ ಕೈ ತೋರಿಸತೊಡಗಿದ. ಜನ ಕಬ್ಬಿನೊಳಗೆ ನುಗ್ಗಿ, ಜಿಂಕೆ ಹುಡುಕಿ, ಸಿಗದೆ, ನಾಲ್ಕು ಗಣಿಕೆ ಕಬ್ಬು ಮುರಿದುಕೊಂಡು ತಿಂದು, ಸೆಲ್ಫಿ ತೆಗೆದುಕೊಂಡು ಹೋದರು.

ಬಾಬಾಸಾಹೇಬರಿಗೆ ಮೊದಮೊದಲು ಹಿಗ್ಗೇ ಹಿಗ್ಗು. ದಾರಿಯ ಬಾಯಿಗೆ ಕಮಾನು ಹಾಕಿಸಿ, ಅದರ ಮೇಲೆ ತಮ್ಮ ಫೋಟೋ ಕೂಡಿಸಿದರು.

"ಇಷ್ಟ ವರ್ಷ ಆ ಜಾಗಾದಾಗ ಕಬ್ಬ ಹಚ್ಚಿದ್ರಿ," ಎಂದಳು ರುಕ್ಮವ್ವ ಊಟಕ್ಕೆ ನೀಡುತ್ತ. "ಯಾರೂ ಆ ಕಡೆ ತಿರುಗಿ ನೋಡಿದ್ದಿಲ್ಲ. ಈಗ ಕಮಾನ ಹಾಕಿ ಊರ ಕರದ ತೋರ್ಸಾಕತ್ತೀರಿ."

"ನಿನಗ ತಿಳಿಯಂಗಿಲ್ಲ, ಸುಮ್ಮನಿರು."

"ನನಗ ತಿಳಿಯಾಕ ಹತ್ತೈತಿ ಅಂತನ ಹೇಳಿದೆ," ಎಂದು ಅವಳು ತಾಟಿಗೆ ಇನ್ನೊಂದು ಜೋಳದ ಭಕ್ಕರಿ ಹಾಕಿದಳು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಅರಣ್ಯಾಧಿಕಾರಿ ಬಂದ. ವಿಕ್ರಾಂತ ಅಂತ ಹೆಸರು, ಹೊಸದಾಗಿ ವರ್ಗವಾಗಿ ಬಂದಿದ್ದ ತರುಣ. ಮೆತ್ತಗಿನ ಮಾತಿನವನು. ಬಾಬಾಸಾಹೇಬರ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಕಿಸೆಯಿಂದ ನಾಣ್ಯ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಸಾಹೇಬ್ರ, ಇದಕ್ಕ ರಾಷ್ಟ್ರೀಯ ಉದ್ಯಾನ ಅಂತ ಬರದೀರಿ. ಅದನ್ನ ಸರ್ಕಾರ ಘೋಷಣಾ ಮಾಡಬೇಕ್ರಿ."

"ಬರೇ ಹೆಸರ್ರೀ ಅದು. ಮಂಗಲ ಕಾರ್ಯಾಲಯಕ್ಕ ವೈಕುಂಠ ಅಂತ ಹೆಸರ ಇಡತಾರಪಾ. ವಿಷ್ಣು ಬಂದ ಕೇಳತಾನೇನ?"

"ಇರ್ಲಿ ಬಿಡ್ರಿ. ಈ ಜಿಂಕಿ ಯಾರವು?"

"ನಮ್ಮವ," ಎಂದುಬಿಟ್ಟರು ಬಾಬಾಸಾಹೇಬರು. ಕಣ್ಣಿಗೆ ಬಿದ್ದದ್ದನ್ನೆಲ್ಲ ನಮ್ಮದು ಅನ್ನುವುದು ಅವರಿಗೆ ಬಾಯಿಗಂಟಿದ ಅಭ್ಯಾಸ.

"ಜಿಂಕಿ ಸಾಕೂದ ಗುನ್ಹೆ ಆಕ್ಕೈತ್ರಿ. ಕೇಸ್ ಮಾಡಬೇಕಾಕ್ಕೈತಿ."

"ಅಯ್ಯ, ನಾವ ಸಾಕಿಲ್ರಿ! ತಾವ ಅದಾವು. ಕಾಡಿನವು."

"ಹಂಗಂದ್ರ ಇನ್ನೂ ಚಲೋ ಆತಲ್ರಿ. ಕಾಡಿನ ಜಿಂಕಿ ಇದ್ದಲ್ಲೆ ಕಬ್ಬ ಹಚ್ಚಾಕ, ಪಂಪ್ ನಡಸಾಕ ಬರಂಗಿಲ್ಲ. ಜಾಗಾ ಬಿಡಬೇಕಾಕ್ಕೈತಿ."

ಬಾಬಾಸಾಹೇಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗಿನಿಂದ ರುಕ್ಮವ್ವನ ದನಿ ಕೇಳಿತು: "ಆಡ ಅಂತ ಹೇಳ್ರಿ, ಮುಗೀತು."

"ಆಡ್ರಿ ಸಾಹೇಬ್ರ, ಆಡ!" ಬಾಬಾಸಾಹೇಬರಿಗೆ ಜೀವ ಬಂದಂತಾಯಿತು. "ಆ ಚಿತ್ರಾ ತಗದ ಬಾಯಿ ಮಾಡಿದ ಭಾನಗಡಿ ಇದು. ತಡೀರಿ, ಆಕಿನ್ನ ಕೇಳೋಣ." ಅಲ್ಲೇ ನೀಲಮಳಿಗೆ ಫೋನು ಹಚ್ಚಿ, ಅಧಿಕಾರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಅರಣ್ಯದ ಸಾಹೇಬರು ಕೂತಿದ್ದಾರೆ, ನಾಣ್ಯದಲ್ಲಿರುವುದು ಜಿಂಕೆಯೋ ಆಡೋ ಹೇಳಿರಿ ಎಂದರು.

ನೀಲಮ ಶಾಲೆಯಲ್ಲಿದ್ದಳು, ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. "ಆಡ ಸರ್. ಅಲ್ಲೆ ಧೂಳಪ್ಪ ಅಂತ ಅದಾರು, ಅವರ ಆಡ. ಕೊಂಬ ಅಷ್ಟ ಸಾಹೇಬ್ರ ಹಚ್ಚಸಿದ್ದ."

"ಕೇಳಿದ್ರಿಲ್ಲ? ಕೇಳಿದ್ರಿಲ್ಲ?" ಬಾಬಾಸಾಹೇಬರು ಅರಳಿದರು.

"ಮತ್ತ ಮೊಸಳಿ, ಬಾಯಾರ?" ವಿಕ್ರಾಂತ ಕೇಳಿದ.

"ಮೊಸಳಿ ಖರೇನ ಐತ್ರಿ ಸರ್. ಅದು ನಗೂದಷ್ಟ ಸುಳ್ಳ. ಅದು ಮಲಗಿದ್ದ ಮರಳ, ಅದರ ಈಚೆ ಗಾಯರಾನ, ಎಲ್ಲಾ ನೋಡೇ..."

ಬಾಬಾಸಾಹೇಬರು ಫೋನು ಕತ್ತರಿಸಿದರು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ವಿಕ್ರಾಂತ ನಾಣ್ಯವನ್ನು ಕಿಸೆಗೆ ಹಾಕಿಕೊಳ್ಳುತ್ತ, "ಗಾಯರಾನ ಯಾವದ್ರಿ?" ಎಂದ, ಚಹಾಕ್ಕೆ ಸಕ್ಕರೆ ಕೇಳುವಷ್ಟು ಮೆತ್ತಗೆ.

ಆ ವಾರದಲ್ಲೇ ಅರಣ್ಯದವರು ಮರಳಿನಲ್ಲಿ ಮೊಸಳೆಯ ಮೊಟ್ಟೆಗಳನ್ನು ಕಂಡರು. ಆದರೂ ಬಾಬಾಸಾಹೇಬರಿಗೆ ದೊಡ್ಡ ಧೈರ್ಯವಿತ್ತು: ಸರ್ಕಾರದ ಕೆಲಸ, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದರೊಳಗೆ ಮೊಸಳೆಗೆ ಮೊಮ್ಮಕ್ಕಳಾಗಿರುತ್ತವೆ. ಅವರ ಲೆಕ್ಕ ತಪ್ಪಿಸಿದವರು ಆ ದೊಡ್ಡ ಮುಖಂಡರೇ. ಅಜ್ಜನ ಚಕ್ಕಡಿಯಲ್ಲಿ ಕೂತು ನೋಡಿದ ಉದ್ಯಾನ ಎಂದು ಸಾವಿರ ಜನರೆದುರು ಕಣ್ಣೀರು ಹಾಕಿದ ಮೇಲೆ ಅಂಥ ಜಾಗವೇ ಇಲ್ಲ ಅನ್ನುವುದು ಹೇಗೆ? ವಿರೋಧ ಪಕ್ಷದವರು ಆ ಭಾಷಣದ ವಿಡಿಯೋ ಹಿಡಿದುಕೊಂಡು "ಎಲ್ಲಿದೆ ಉದ್ಯಾನ?" ಎಂದು ದಿನಾ ಕೇಳುತ್ತಿದ್ದರು. ಮುಖಂಡರು ತಾವೇ ಕೂತು ಫೋನು ಮಾಡಿ ಫೈಲು ಓಡಿಸಿದರು. ಉದ್ಯಾನ ಆಗದಿದ್ದರೆ ಹೋಗಲಿ, ಮೊಸಳೆಗಳ ಸಂರಕ್ಷಿತ ಪ್ರದೇಶವಾದರೂ ಆಗಲೇಬೇಕಾಗಿತ್ತು.

ಬಾಬಾಸಾಹೇಬರು ಅವರ ಬಂಗಲೆಗೆ ಹೋಗಿ ಕೈಮುಗಿದರು. "ಸಾಹೇಬ್ರ, ಅಲ್ಲೆ ಏನೂ ಇಲ್ರಿ. ನಾನ ಹೇಳತೀನಿ. ಅದ ನಮ್ಮ ಹೊಲಾ."

"ಬಾಬಾಸಾಹೇಬ," ಮುಖಂಡರು ಅವರ ಹೆಗಲ ಮೇಲೆ ಕೈ ಇಟ್ಟರು, "ನಮ್ಮಜ್ಜ ಸುಳ್ಳ ಹೇಳಿದ ಅಂತೀರೇನ?"

ಮೋಜಣಿಯವರು ಬಂದು ಅಳತೆ ಹಿಡಿದರು. ಪಂಪಿನ ಮನೆಯ ಈಚೆಗಿನ ಕಬ್ಬೆಲ್ಲ ಗಾಯರಾನದಲ್ಲಿತ್ತು. ಊರವರೆಲ್ಲ ಅಳತೆ ನೋಡಲು ಬದುವಿನ ಮೇಲೆ ನಿಂತಿದ್ದರು, ಎಲ್ಲರೂ ಇದೇ ಈಗ ಗೊತ್ತಾದವರಂತೆ "ಹೌದೇನ? ಖರೇನ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ನಾಣ್ಯವನ್ನಾದರೂ ಇಲ್ಲವಾಗಿಸೋಣ ಎಂದು ಬಾಬಾಸಾಹೇಬರು ಹೊರಟರು. ಭೋಜ ಎಂಬ ಊರಿನಿಂದ ಹಿಡಿದು ಒಂದೊಂದೇ ಊರಿಗೆ ಹೋಗಿ, ಮುದ್ರಣದಲ್ಲಿ ತಪ್ಪಾಗಿದೆ, ನಾಣ್ಯ ಮರಳಿ ಕೊಡಿ, ಬದಲಿಗೆ ಸ್ಟೀಲಿನ ಡಬ್ಬಿ ಕೊಡುತ್ತೇವೆ ಎಂದು ಸದಸ್ಯರನ್ನು ಕೇಳಿಕೊಂಡರು. ಒಬ್ಬನೂ ಕೊಡಲಿಲ್ಲ. ಅಣ್ಣಾಸಾಬ ತನ್ನ ನಾಣ್ಯವನ್ನು ದೇವರ ಜಗಲಿಯಿಂದ ಇಳಿಸಿ, ಅಂಗೈಯಲ್ಲಿ ಹೊರಳಿಸಿ ನೋಡಿದ. "ಕೊಡತಿದ್ದೆ ಸಾಹೇಬ್ರ. ಆದ್ರ ಮನ್ಯಾಗ ಪೂಜಾ ಮಾಡಾಕತ್ತಾರ. ಮೊಸಳಿಗೆ ಕುಂಕಮಾ ಹಚ್ಚ್ಯಾರ ನೋಡ್ರಿ." ಅವನ ಮುಖದಲ್ಲಿ ಭಕ್ತಿ ತುಂಬಿ ತುಳುಕುತ್ತಿತ್ತು. ಆ ವರ್ಷದ ಚೇರಮನ್ ಚುನಾವಣೆಗೆ ತಾನೇ ನಿಲ್ಲುವುದೆಂದು ಅವನು ಅದಾಗಲೇ ನಿಶ್ಚಯಿಸಿದ್ದ.

ಮಳೆಗಾಲ ಮುಗಿಯುವುದರೊಳಗೆ ಗಾಯರಾನದ ಸುತ್ತ ತಂತಿ ಬೇಲಿ ಬಂತು. ಕಬ್ಬು ಹೋಯಿತು. ಬಾಬಾಸಾಹೇಬರು ಕೆಲವು ದಿನ ಮನೆಯಿಂದ ಹೊರಬೀಳಲಿಲ್ಲ. ಊಟ ಸೇರುತ್ತಿರಲಿಲ್ಲ, ಅಮೆರಿಕದ ನಾಣ್ಯವನ್ನು ಎಲ್ಲೋ ಎಸೆದೆನೆಂದು ರುಕ್ಮವ್ವ ಅಂದರೂ ಎಲ್ಲಿ ಎಂದು ಕೇಳಲು ಅವರಿಗೆ ಉತ್ಸಾಹವಿರಲಿಲ್ಲ. ಆಗ ಮುಖಂಡರ ಕಡೆಯಿಂದ ಒಬ್ಬ ಬಂದು, ಅಕ್ಟೋಬರಿನ ವನ್ಯಜೀವಿ ಸಪ್ತಾಹದಲ್ಲಿ ಅವರಿಗೆ ಸತ್ಕಾರ ಇಟ್ಟುಕೊಂಡಿದ್ದಾರೆಂದು ಹೇಳಿದ.

"ಯಾತರ ಸಲುವಾಗಿ?"

"ಮೊಸಳಿ ಸಲುವಾಗಿ ಸ್ವಇಚ್ಛೆಯಿಂದ ಜಾಗಾ ಬಿಟ್ಟ ಕೊಟ್ಟಿದ್ದಕ್ಕ."

ಬಾಬಾಸಾಹೇಬರು ಎದ್ದು ಹೋಗಿ ಕನ್ನಡಿಯ ಮುಂದೆ ನಿಂತು, ಟೊಪ್ಪಿಗೆ ಸರಿಮಾಡಿಕೊಂಡರು. ಆ ದಿನ ಅವರು ಎರಡು ಭಕ್ಕರಿ ಹೆಚ್ಚಿಗೆ ಉಂಡರು.

ಸತ್ಕಾರದ ಬ್ಯಾನರಿಗೆ ಮೊಸಳೆ ಮತ್ತು ಸಾಹೇಬರು ಇಬ್ಬರೂ ನಗುತ್ತಿರುವ ಚಿತ್ರ ಬೇಕೆಂದು ನೀಲಮಳಿಗೆ ಹೇಳಿ ಕಳಿಸಿದರು. ಅವಳು, "ಇಬ್ಬರನ್ನೂ ನಗಸಾಕ ನನ್ನ ಕೈಲೆ ಆಗಂಗಿಲ್ರಿ," ಎಂದು ಹೇಳಿ ಕಳಿಸಿ, ಮಕ್ಕಳಿಗೆ ಚಪ್ಪಲಿಯ ಚಿತ್ರ ಹೇಳಿಕೊಡುತ್ತ ಶಾಲೆಯಲ್ಲೇ ಉಳಿದಳು. ಸಮಾರಂಭ ಅವಳಿಲ್ಲದೆಯೂ ಚೆನ್ನಾಗಿಯೇ ನಡೆಯಿತು. ಬಾಬಾಸಾಹೇಬರು ಮೊಸಳೆ ಮಿತ್ರ ಬಳಗದ ಗೌರವಾಧ್ಯಕ್ಷರಾದರು. ನಿಸರ್ಗದ ಮುಂದೆ ಮನುಷ್ಯನ ಆಸೆ ಎಷ್ಟು ಸಣ್ಣದು ಎಂಬುದರ ಮೇಲೆ ಅವರು ಮಾಡಿದ ಭಾಷಣ ಕೇಳಿ ಕೆಲವರು ಕಣ್ಣು ಒರೆಸಿಕೊಂಡರು. ಅಣ್ಣಾಸಾಬ ಆ ಸಂಜೆಯೇ ತನ್ನ ಉಮೇದುವಾರಿಕೆ ಹಿಂತೆಗೆದುಕೊಂಡ; ಬಾಬಾಸಾಹೇಬರು ಮತ್ತೆ ಅವಿರೋಧವಾಗಿ ಚೇರಮನ್ ಆದರು.

ಬೇಲಿ ಬಂದ ಸುದ್ದಿ ಕೇಳಿ ಎಲ್ಲರಿಗಿಂತ ಖುಷಿಪಟ್ಟವನು ಧೂಳಪ್ಪ. ಗಾಯರಾನ ಮರಳಿ ಬಂತು, ಇನ್ನು ಅಪ್ಪ ಮೇಯಿಸಿದಲ್ಲೇ ಆಡು ಮೇಯಿಸಬಹುದು ಎಂದು ವಿಕ್ರಾಂತನ ಕಚೇರಿಗೆ ಕೇಳಲು ಹೋದ. ವಿಕ್ರಾಂತ ಅವನನ್ನು ಕುರ್ಚಿಯ ಮೇಲೆ ಕೂಡಿಸಿ, ನೀರು ಕೊಟ್ಟು, ಬಹಳ ಮೆತ್ತಗೆ ಹೇಳಿದ: ಅದು ಈಗ ಸಂರಕ್ಷಿತ ಜಾಗ, ಆಡುಗಳು ಒಳಗೆ ಬಂದರೆ ಮೊಸಳೆಯ ಗೂಡು ಹಾಳಾಗುತ್ತದೆ, ಕಾನೂನಿನಲ್ಲಿ ಅವಕಾಶವಿಲ್ಲ. ಧೂಳಪ್ಪನ ಮುಖ ನೋಡಿ ಅವನಿಗೇ ಕೆಟ್ಟದೆನಿಸಿರಬೇಕು. ಬೇಲಿ ಕಾಯಲು ದಿನಗೂಲಿಯ ಮೇಲೆ ಒಬ್ಬ ಮನುಷ್ಯ ಬೇಕಾಗಿದ್ದಾನೆ, ನೀನೇ ಬಾ ಎಂದ. ಧೂಳಪ್ಪನಿಗೆ ಒಂದು ಖಾಕಿ ಅಂಗಿ, ಒಂದು ಸೀಟಿ ಸಿಕ್ಕಿತು. ಆಡುಗಳನ್ನು ಅವನ ಹೆಂಡತಿ ಸುಂದರಾ ಮೇಯಿಸತೊಡಗಿದಳು.

ಈಗ ಬೇಲಿಯೊಳಗೆ ಹುಲ್ಲು ಸೊಂಟದೆತ್ತರ ಬೆಳೆದಿದೆ. ಮೊನ್ನೆ ಮಧ್ಯಾಹ್ನ ಸುಂದರಾ ಆಡು ಹೊಡೆದುಕೊಂಡು ಅತ್ತ ಬಂದಳು. ಆಡುಗಳು ಓಡಿ ಬಂದು ತಂತಿಯ ನಡುವೆ ತಲೆ ತೂರಿಸಿದವು. ಧೂಳಪ್ಪ ಸೀಟಿ ಊದಿದ.

"ಏ ಸುಂದರಾ, ಆ ಕಡೆ ಹೊಡಿ ಬೇ! ಬಾಬಾಸಾಹೇಬ್ರ ಬರೂದೈತಿ. ಮನಿಗೆ ಬಂದ ಯಾರೋ ಪಾವಣ್ಯಾರಿಗೆ ಮೊಸಳಿ ತೋರ್ಸಾಕ ಕರ್ಕೊಂಡ ಬರಾಕತ್ತಾರ."

"ಬರ್ಲಿ. ನಿನ್ನ ಆಡ ಅದಾವು, ನೀನ ಹೊಡಿ."

"ನಾ ಡ್ಯೂಟಿ ಮ್ಯಾಲ ಅದೇನಿ."

"ಹಂಗಾರ ಡ್ಯೂಟಿ ಮಾಡು," ಎಂದು ಸುಂದರಾ ಜಾಲಿಗಿಡದ ನೆರಳಿಗೆ ಹೋಗಿ ಕೂತು ಎಲೆ ಅಡಿಕೆಯ ಸಂಚಿ ಬಿಚ್ಚಿದಳು.

ಧೂಳಪ್ಪ ರಸ್ತೆಯ ಕಡೆ ನೋಡಿದ. ದೂರದಲ್ಲಿ ಜೀಪಿನ ಧೂಳು ಏಳುತ್ತಿತ್ತು. ಅವನು ಸೀಟಿಯನ್ನು ಬಾಯಿಂದ ತೆಗೆದು, ಬೇಲಿಯ ಕೆಳಗಿನ ತಂತಿಯನ್ನು ಕಾಲಿನಿಂದ ಒಂದಿಷ್ಟು ಮೇಲೆತ್ತಿ ಹಿಡಿದು, ಬೇಗ ಬೇಗ ತಿನ್ನಿರೆಂದು ಆಡುಗಳಿಗೆ ಹೇಳಿದ.